ಬ್ಯಾರಿಸ್ಟರ್ ಅಂಬೇಡ್ಕರ್: ಕಷ್ಟದ ಮೊದಲ ವರ್ಷಗಳು

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿಯಲ್ಲಿ ಠರಾವು ಆಯಿತು. ಪ್ರತಿಯೊಬ್ಬ ಡೈರೆಕ್ಟರೂ ಒಂದೊಂದು ಲೇಖನ ಬರೆಯಬೇಕು ಅಂತ ಅಧ್ಯಕ್ಷರು ಹೇಳಿದಾಗ ನಮಗೆ ಗಾಬರಿಯೇ ಆಯಿತು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಆಮೇಲೆ ಹೊಲಮನೆ ಕೆಲಸಕ್ಕೆ ಬಿದ್ದವರು. ಸೊಸೈಟಿಯ ಸಭೆಯ ನಡಾವಳಿ ಬಿಟ್ಟರೆ ಬೇರೇನೂ ಬರೆದು ರೂಢಿಯಿಲ್ಲ. ಆದರೂ ಗ್ರಾಮ ಪಂಚಾಯತಿಯ ವಾಚನಾಲಯದಲ್ಲಿ ಬಿಡುವಿದ್ದಾಗ ಓದಿದ ಪುಸ್ತಕಗಳಿಂದ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇವೆ. ತಪ್ಪಿದ್ದರೆ ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರ ಹೆಸರು ಕೇಳದವರು ನಮ್ಮೂರಲ್ಲಿ ಯಾರೂ ಇಲ್ಲ. ಶಾಲೆಯಲ್ಲಿ ಫೋಟೋ ಇದೆ, ಪಂಚಾಯತಿಯಲ್ಲಿ ಫೋಟೋ ಇದೆ, ನಮ್ಮ ಸಂಘದ ಕಚೇರಿಯಲ್ಲೂ ಇದೆ. ಪ್ರತಿ ವರ್ಷ ಏಪ್ರಿಲ್ 14ಕ್ಕೆ ಹಾರ ಹಾಕುತ್ತೇವೆ, ಸಂವಿಧಾನ ಬರೆದವರು ಅಂತ ಭಾಷಣ ಮಾಡುತ್ತೇವೆ. ಆದರೆ ಅಷ್ಟು ದೊಡ್ಡವರಾಗುವ ಮೊದಲು ಅವರು ಹೇಗೆ ಓದಿದರು, ವಕೀಲಿ ಕಲಿಯಲು ಎಷ್ಟು ಪಾಡುಪಟ್ಟರು, ಕಲಿತ ಮೇಲೂ ಕೇಸು ಸಿಗದೆ ಹೇಗೆ ದಿನ ದೂಡಿದರು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ. ಅದನ್ನೇ ಬರೆಯೋಣ ಅನ್ನಿಸಿತು. ಯಾಕೆ ಅನ್ನಿಸಿತು ಅನ್ನುವುದನ್ನು ಕೊನೆಗೆ ಹೇಳುತ್ತೇವೆ.

ಹುಟ್ಟು ಮತ್ತು ಬಾಲ್ಯ

ಭೀಮರಾವ್ ಅವರು 1891ರ ಏಪ್ರಿಲ್ 14ರಂದು ಮಧ್ಯ ಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಹುಟ್ಟಿದರು. ತಂದೆ ರಾಮಜಿ ಸಕ್ಪಾಳ ಸೈನ್ಯದಲ್ಲಿ ಸುಬೇದಾರರು, ಸೈನಿಕರ ಶಾಲೆಯಲ್ಲಿ ಮಾಸ್ತರಿಕೆಯನ್ನೂ ಮಾಡಿದವರು. ತಾಯಿ ಭೀಮಾಬಾಯಿ. ಇವರು ಹದಿನಾಲ್ಕನೆಯ ಮಗು. ಮೂಲ ಊರು ರತ್ನಾಗಿರಿ ಜಿಲ್ಲೆಯ ಅಂಬಾವಡೆ. ಮಹಾರ್ ಜಾತಿಯವರಾದ್ದರಿಂದ ಆಗಿನ ಕಾಲದಲ್ಲಿ ಅವರನ್ನು ಮುಟ್ಟುತ್ತಿರಲಿಲ್ಲ. ತಂದೆ ನಿವೃತ್ತರಾದ ಮೇಲೆ ಸಂಸಾರ ಸಾತಾರಕ್ಕೆ ಬಂತು. ತಾಯಿ ಬೇಗ ತೀರಿಕೊಂಡರು.

ಶಾಲೆಯಲ್ಲಿ ಈ ಹುಡುಗ ಮನೆಯಿಂದ ಗೋಣಿತಟ್ಟು ತಂದು ಬೇರೆಯಾಗಿ ಕೂರಬೇಕಿತ್ತು. ನೀರಡಿಕೆ ಆದರೆ ಜವಾನ ಮೇಲಿಂದ ನೀರು ಹಾಕಬೇಕು. ಜವಾನ ಇಲ್ಲದ ದಿನ ನೀರಿಲ್ಲ. 1901ರ ಸುಮಾರಿಗೆ ತಂದೆ ಕೋರೆಗಾಂವ್‌ನಲ್ಲಿ ಬರಗಾಲದ ಕೆರೆ ಕೆಲಸದ ಮೇಲೆ ಖಜಾಂಚಿಯಾಗಿದ್ದರು. ರಜೆಯಲ್ಲಿ ಅಣ್ಣ ಮತ್ತು ಸಂಬಂಧಿ ಹುಡುಗರ ಜೊತೆ ಭೀಮರಾವ್ ರೈಲು ಹತ್ತಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಇವರ ಜಾತಿ ತಿಳಿದ ಮೇಲೆ ಗಾಡಿಯವರು ಯಾರೂ ಕೂರಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಹುಡುಗರೇ ಎತ್ತಿನ ಗಾಡಿ ಹೊಡೆಯಬೇಕು, ಗಾಡಿಯವ ಪಕ್ಕದಲ್ಲಿ ನಡೆದು ಬರುತ್ತಾನೆ ಅಂತ ಒಪ್ಪಂದ ಆಯಿತು. ಬುತ್ತಿ ಕಟ್ಟಿಕೊಂಡಿದ್ದರೂ ಕುಡಿಯಲು ನೀರು ಸಿಗದೆ ರಾತ್ರಿಯೆಲ್ಲ ಉಪವಾಸ ಬಿದ್ದರು. ಗಾಡಿ ಹೊಡೆದು ಬೆಳೆದ ನಮಗೆ ಇದನ್ನು ಓದಿದಾಗ ಕರುಳು ಚುರ್ ಅಂತು.

ಮುಂದೆ ಸಂಸಾರ ಮುಂಬಯಿಗೆ ಬಂತು. 1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಅವರಿಗೆ ಸಂಸ್ಕೃತ ಕಲಿಯುವ ಆಸೆಯಿತ್ತು. ಕಲಿಸಲಿಲ್ಲ. ಪಾರ್ಸಿ ಭಾಷೆ ತೆಗೆದುಕೊಂಡರು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಅದರಿಂದ ಬಿ.ಎ. ಮುಗಿಯಿತು. ಅಷ್ಟರೊಳಗೆ ರಮಾಬಾಯಿಯವರ ಜೊತೆ ಮದುವೆಯೂ ಆಗಿತ್ತು.

ಅಮೆರಿಕಾದಲ್ಲಿ ಓದು

1913ರ ಫೆಬ್ರವರಿಯಲ್ಲಿ ತಂದೆ ತೀರಿಹೋದರು. ಅದೇ ವರ್ಷ ಬಡೋದೆಯ ಮಹಾರಾಜರು ಅಮೆರಿಕಾಕ್ಕೆ ಕಳಿಸಲು ಒಪ್ಪಿದರು. ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಸಹಾಯ, ಓದು ಮುಗಿದ ಮೇಲೆ ಬಡೋದೆ ಸಂಸ್ಥಾನದಲ್ಲಿ ಹತ್ತು ವರ್ಷ ನೌಕರಿ, ಹೀಗೆ ಕರಾರು ಪತ್ರ ಆಯಿತು. ನಮ್ಮ ಸೊಸೈಟಿಯ ಸಾಲಪತ್ರದ ಹಾಗೆಯೇ ಇದೂ ಒಂದು ಬಾಂಡ್.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಅರ್ಥಶಾಸ್ತ್ರ ಹಿಡಿದರು. ಜೊತೆಗೆ ಸಮಾಜಶಾಸ್ತ್ರ, ಇತಿಹಾಸ, ತತ್ವಶಾಸ್ತ್ರ. ಸೆಲಿಗ್ಮನ್, ಜಾನ್ ಡ್ಯೂಯಿ ಅಂಥ ದೊಡ್ಡ ಪ್ರಾಧ್ಯಾಪಕರ ಕೈಕೆಳಗೆ ಕಲಿತರು. ಅಲ್ಲಿ ಯಾರೂ ಜಾತಿ ಕೇಳಲಿಲ್ಲ. ಎಲ್ಲರ ಜೊತೆ ಒಂದೇ ಮೇಜಿನ ಮೇಲೆ ಊಟ. 1915ರಲ್ಲಿ ಎಂ.ಎ. ಆಯಿತು. 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳು ಹೇಗೆ ಹುಟ್ಟಿದವು ಅನ್ನುವ ಪ್ರಬಂಧ ಓದಿದರು. ಪಿಎಚ್.ಡಿ.ಗೆ ಬೇಕಾದ ಕೆಲಸವನ್ನೂ ಅಲ್ಲಿಯೇ ಮಾಡಿದರು. ಪುಸ್ತಕ ಅಚ್ಚು ಹಾಕಿಸಿ ಕೊಡಬೇಕೆಂಬ ನಿಯಮ ಇದ್ದದ್ದರಿಂದ ಪದವಿ ಕೈಗೆ ಬಂದದ್ದು 1927ರಲ್ಲಿ. ಅಲ್ಲಿಯೇ ನವಲ್ ಭಾತೇನಾ ಎಂಬ ಪಾರ್ಸಿ ಹುಡುಗನ ಗೆಳೆತನ ಆಯಿತು. ಈ ಹೆಸರನ್ನು ಸದಸ್ಯರು ನೆನಪಿಡಬೇಕು, ಮುಂದೆ ಎರಡು ಸಲ ಬರುತ್ತದೆ.

ಬ್ಯಾರಿಸ್ಟರ್ ಆಗುವುದೆಂದರೆ ಏನು

1916ರಲ್ಲಿ ಅವರು ಅಮೆರಿಕಾದಿಂದ ಲಂಡನ್ನಿಗೆ ಬಂದರು. ಒಂದು ಕಡೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಇನ್ನೊಂದು ಕಡೆ ವಕೀಲಿ ಕಲಿಯಲು ಗ್ರೇಸ್ ಇನ್. ಎರಡಕ್ಕೂ ಹೆಸರು ಹಚ್ಚಿದರು.

ಬ್ಯಾರಿಸ್ಟರ್ ಪದವಿಯನ್ನು ವಿಶ್ವವಿದ್ಯಾಲಯ ಕೊಡುವುದಿಲ್ಲ. ಲಂಡನ್ನಿನಲ್ಲಿ ಇನ್ ಎಂದು ಕರೆಯುವ ನಾಲ್ಕು ಹಳೆಯ ವಕೀಲರ ಸಂಸ್ಥೆಗಳಿವೆ. ಅದರಲ್ಲಿ ಒಂದಕ್ಕೆ ಸದಸ್ಯನಾಗಬೇಕು. ಫೀ ತುಂಬಬೇಕು, ಕಾನೂನಿನ ಪರೀಕ್ಷೆ ಪಾಸಾಗಬೇಕು. ಇವೆರಡರ ಜೊತೆ ಒಂದು ವಿಚಿತ್ರ ನಿಯಮ ಆಗ ಇತ್ತು. ವರ್ಷಕ್ಕೆ ನಾಲ್ಕು ಅವಧಿ, ಒಟ್ಟು ಹನ್ನೆರಡು ಅವಧಿ ಮುಗಿಸಬೇಕು. ಅವಧಿ ಮುಗಿಯಿತು ಅನ್ನಬೇಕಾದರೆ ಇನ್ನಿನ ದೊಡ್ಡ ಪಡಸಾಲೆಯಲ್ಲಿ ಹಿರಿಯ ವಕೀಲರ ಜೊತೆ ಇಂತಿಷ್ಟು ಸಲ ಊಟಕ್ಕೆ ಕೂತಿರಬೇಕು. ಹಿರಿಯರ ಪಂಕ್ತಿಯಲ್ಲಿ ಕೂತು ರೀತಿನೀತಿ ಕಲಿಯಲಿ ಅಂತ ಈ ಪದ್ಧತಿ. ನಮ್ಮ ದೇಶದಲ್ಲಿ ಯಾರ ಪಂಕ್ತಿಗೂ ಬರಬೇಡ ಅನ್ನಿಸಿಕೊಂಡ ಮನುಷ್ಯ ಅಲ್ಲಿ ಪಂಕ್ತಿಯಲ್ಲಿ ಊಟ ಮಾಡಿದರೇನೇ ಪಾಸು. ಇದನ್ನು ಓದಿ ನಾವು ಬಹಳ ಹೊತ್ತು ವಿಚಾರ ಮಾಡಿದೆವು.

ಆದರೆ ಓದು ನಡುವೆಯೇ ನಿಂತಿತು. ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಸಂಸ್ಥಾನದವರು ವಾಪಸು ಬಾ ಅಂದರು. ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಬಹುದು ಅಂತ ಲಂಡನ್ ವಿಶ್ವವಿದ್ಯಾಲಯದಿಂದ ಅನುಮತಿ ಪಡೆದು 1917ರಲ್ಲಿ ಹೊರಟರು. ಆಗ ಮೊದಲನೇ ಮಹಾಯುದ್ಧ ನಡೆದಿತ್ತು. ಹೊಟ್ಟೆಗೆ ತಿನ್ನದೆ ಕೊಂಡು ಕೂಡಿಸಿದ ಪುಸ್ತಕಗಳನ್ನು ಬೇರೆ ಹಡಗಿಗೆ ಹಾಕಿದ್ದರು. ಆ ಹಡಗು ಶತ್ರುಗಳ ಹೊಡೆತಕ್ಕೆ ಸಿಕ್ಕಿ ಮುಳುಗಿತು. ಜೀವ ಉಳಿಯಿತು, ಪುಸ್ತಕ ಹೋದವು.

ಬಡೋದೆಯ ಹನ್ನೊಂದು ದಿನ

ಕರಾರಿನ ಪ್ರಕಾರ 1917ರಲ್ಲಿ ಬಡೋದೆಗೆ ನೌಕರಿಗೆ ಹೋದರು. ದೊಡ್ಡ ಹುದ್ದೆ, ಮಹಾರಾಜರ ಮಿಲಿಟರಿ ಸೆಕ್ರೆಟರಿ. ಅಮೆರಿಕಾದಲ್ಲಿ ಎಂ.ಎ. ಮಾಡಿ ಬಂದವರು. ಆದರೆ ಊರಲ್ಲಿ ಇಳಿದುಕೊಳ್ಳಲು ಒಂದು ಖೋಲಿ ಸಿಗಲಿಲ್ಲ. ಕಚೇರಿಯಲ್ಲಿ ಜವಾನರು ಮೈಲಿಗೆ ಆದೀತೆಂದು ಕಾಗದದ ಕಟ್ಟುಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುತ್ತಿದ್ದರು. ಕುಡಿಯಲು ನೀರು ಸಿಗುತ್ತಿರಲಿಲ್ಲ.

ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿಯವರ ಹೆಸರು ಹೇಳಿಕೊಂಡು ಇಳಿದರು. ಹನ್ನೊಂದನೇ ದಿನ ಹತ್ತು ಹನ್ನೆರಡು ಜನ ಬಡಿಗೆ ಹಿಡಿದುಕೊಂಡು ಬಂದು ನಿಂತರು. ಜಾಗ ಮೈಲಿಗೆ ಮಾಡಿದೆ, ಸಂಜೆಯೊಳಗೆ ಖಾಲಿ ಮಾಡು ಅಂತ ಬೆದರಿಸಿದರು. ಎಂಟು ತಾಸಿನ ಅವಕಾಶ ಕೇಳಿಕೊಂಡು ಇಬ್ಬರು ಗೆಳೆಯರ ಮನೆಗೆ ಆಸರೆ ಕೇಳಲು ಹೋದರು. ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರಿಂದಲೂ ಆಗಲಿಲ್ಲ. ಕಾಮಾಟಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕೂತು ಹೊತ್ತು ಕಳೆದು, ರಾತ್ರಿ ರೈಲಿಗೆ ಮುಂಬಯಿಗೆ ಮರಳಿದರು. ಈ ಸಂಗತಿಯನ್ನು ಅವರೇ ಮುಂದೆ ಬರೆದಿಟ್ಟಿದ್ದಾರೆ. ಹದಿನೆಂಟು ವರ್ಷದ ಮೇಲೂ ಅದು ನೆನಪಾದರೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ.

ಪ್ರೊಫೆಸರ್ ಮತ್ತು ನೀರಿನ ಹೂಜಿ

ಮುಂಬಯಿಗೆ ಬಂದ ಮೇಲೆ ಸಂಸಾರ ನಡೆಯಬೇಕಲ್ಲ. ಮಕ್ಕಳಿಗೆ ಮನೆಪಾಠ ಹೇಳಿದರು. ಶೇರು ವ್ಯಾಪಾರದವರಿಗೆ ಸಲಹೆ ಕೊಡುವ ಒಂದು ಧಂದೆ ಆರಂಭಿಸಿದರು. ಗಿರಾಕಿಗಳಿಗೆ ಇವರ ಜಾತಿ ತಿಳಿಯಿತು, ಧಂದೆ ನಿಂತಿತು. ಹಣದ ಶಾಸ್ತ್ರವನ್ನೇ ಕುಡಿದವರ ಸಲಹೆ ಜಾತಿಯ ಕಾರಣಕ್ಕೆ ಬೇಡವಾಯಿತು.

1918ರ ನವೆಂಬರಿನಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆದರು. ಸಂಬಳ ತಿಂಗಳಿಗೆ 450 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಪಾಠ ಎಷ್ಟು ಚೆನ್ನಾಗಿತ್ತೆಂದರೆ ಬೇರೆ ಕಾಲೇಜಿನ ಹುಡುಗರೂ ಬಂದು ಕೂರುತ್ತಿದ್ದರು. ಆದರೆ ಪ್ರೊಫೆಸರುಗಳ ಕೋಣೆಯಲ್ಲಿದ್ದ ನೀರಿನ ಹೂಜಿಯಿಂದ ಇವರು ನೀರು ಕುಡಿಯುವುದಕ್ಕೆ ಕೆಲವು ಪ್ರೊಫೆಸರುಗಳು ತಕರಾರು ತೆಗೆದರು. ಇವರು ಓದಿದವರು, ಕಲಿಸುವವರು. ಓದು ಬಂದರೆ ಜಾತಿ ಹೋಗುತ್ತದೆ ಅಂತ ನಾವು ಸುಲಭವಾಗಿ ಹೇಳುತ್ತೇವೆ. ಆ ಹೂಜಿ ಹಾಗೆ ಹೇಳುವುದಿಲ್ಲ.

ಲಂಡನ್ನಿನ ಓದು ಅರ್ಧಕ್ಕೆ ನಿಂತದ್ದು ಅವರಿಗೆ ಮರೆತಿರಲಿಲ್ಲ. ಸಂಬಳದಲ್ಲಿ ಮನೆ ಖರ್ಚಿಗೆ ಸ್ವಲ್ಪ ಕೊಟ್ಟು ಉಳಿದದ್ದನ್ನು ಕೂಡಿಡುತ್ತ ಬಂದರು. ಪರಳದ ಚಾಳಿನಲ್ಲಿ ಎರಡು ಖೋಲಿಯ ಸಂಸಾರ. ರಮಾಬಾಯಿಯವರು ಕೈಗೆ ಬಂದಷ್ಟರಲ್ಲೇ ಮನೆ ನಡೆಸಿದರು. ಐದು ಮಕ್ಕಳಲ್ಲಿ ನಾಲ್ಕು ಎಳೆಯ ವಯಸ್ಸಿನಲ್ಲೇ ತೀರಿಹೋದವು, ಉಳಿದದ್ದು ಯಶವಂತ ಒಬ್ಬನೇ. ಗಂಡ ದೊಡ್ಡ ಮನುಷ್ಯನಾಗಲು ಹೆಂಡತಿ ತುಂಬಿದ ಕಂತು ಇದು. ಇದನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಜಮಾ ಮಾಡಿಲ್ಲ.

ರೈತರ ತುಂಡು ಹೊಲದ ಬಗ್ಗೆ ಬರೆದದ್ದು

ನಮ್ಮ ಸದಸ್ಯರಿಗೆ ಬಹಳ ಸಂಬಂಧಪಟ್ಟ ಒಂದು ವಿಷಯ ಇಲ್ಲಿದೆ. 1918ರಲ್ಲಿ, ವಕೀಲರಾಗುವ ಮೊದಲೇ, ಅವರು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ದೊಡ್ಡ ಲೇಖನ ಬರೆದರು. ಹೊಲ ಪಾಲಾಗಿ ಪಾಲಾಗಿ ತುಂಡಾಗುತ್ತಿದೆ, ಅದಕ್ಕೆ ತುಂಡುಗಳನ್ನು ಒಂದು ಕಡೆ ಕೂಡಿಸಿ ಕೊಟ್ಟರೆ ರೈತ ಉದ್ಧಾರ ಆಗುತ್ತಾನೆ ಅಂತ ಆಗ ಬಹಳ ಜನ ಹೇಳುತ್ತಿದ್ದರು. ಅಂಬೇಡ್ಕರ್ ಲೆಕ್ಕ ಬೇರೆ ಹಾಕಿದರು. ಹೊಲ ಸಣ್ಣದೋ ದೊಡ್ಡದೋ ಅನ್ನುವುದು ಬರೇ ಎಕರೆಯಿಂದ ತಿಳಿಯುವುದಿಲ್ಲ. ಅದರ ಮೇಲೆ ಹಾಕಲು ರೈತನ ಹತ್ತಿರ ಎತ್ತು, ಸಲಕರಣೆ, ಬಂಡವಾಳ ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ. ಬಂಡವಾಳ ಇಲ್ಲದವನಿಗೆ ಇದ್ದ ಹೊಲವೇ ಹೆಚ್ಚಾದೀತು.

ಇನ್ನೊಂದು ಮಾತು. ಕೂಡಿಸಿಕೊಟ್ಟ ಹೊಲ ಮುಂದಿನ ತಲೆಮಾರಿನಲ್ಲಿ ಮತ್ತೆ ತುಂಡಾಗುತ್ತದೆ, ಯಾಕೆಂದರೆ ಮನೆಯವರೆಲ್ಲ ಅದೇ ಹೊಲವನ್ನು ನಂಬಿದ್ದಾರೆ. ಬೇರೆ ಉದ್ಯೋಗ ಇಲ್ಲದೆ ಜನ ಹೊಲದ ಮೇಲೆ ಬೀಳುವುದೇ ರೋಗದ ಮೂಲ, ಉದ್ಯಮಗಳು ಬೆಳೆದು ಹೆಚ್ಚಿನ ಕೈಗಳಿಗೆ ಅಲ್ಲಿ ಕೆಲಸ ಸಿಕ್ಕರೆ ಹೊಲದ ಭಾರ ಇಳಿಯುತ್ತದೆ ಅನ್ನುವುದು ಅವರ ತೀರ್ಮಾನ.

ನಮ್ಮ ಅಜ್ಜನ ಹೆಸರಲ್ಲಿ ಹದಿನಾರು ಎಕರೆ ಇತ್ತು. ನಮ್ಮ ತಂದೆಯವರ ಪಾಲಿಗೆ ನಾಲ್ಕು ಬಂತು. ಈಗ ನಮ್ಮ ಉತಾರದಲ್ಲಿ ಇರುವುದು ಎರಡು ಎಕರೆ ಚಿಲ್ಲರೆ ಗುಂಟೆ. ಸೊಸೈಟಿಗೆ ಬೆಳೆಸಾಲಕ್ಕೆ ಬರುವ ಉತಾರ ನೋಡಿದರೆ ಎಲ್ಲರದೂ ಇದೇ ಕಥೆ. ನೂರು ವರ್ಷಕ್ಕೂ ಹಿಂದೆ ಒಬ್ಬರು ಇದನ್ನು ಲೆಕ್ಕ ಹಾಕಿ ಬರೆದಿಟ್ಟಿದ್ದರು ಅನ್ನುವುದು ನಮಗೆ ಆಶ್ಚರ್ಯ. ರೈತನಿಗೆ ಹೊಲದಷ್ಟೇ ಬಂಡವಾಳವೂ ಮುಖ್ಯ ಎಂಬ ಮಾತಂತೂ ನಮ್ಮಂಥ ಪತ್ತಿನ ಸಂಘಗಳಿಗೆ ನೇರವಾಗಿ ತಾಗುತ್ತದೆ.

ಮತ್ತೆ ಲಂಡನ್ನಿಗೆ

1920ರ ಜನವರಿಯಲ್ಲಿ ಮೂಕನಾಯಕ ಎಂಬ ಪತ್ರಿಕೆ ಆರಂಭವಾಯಿತು. ಅದಕ್ಕೆ ಕೊಲ್ಹಾಪುರದ ಶಾಹು ಮಹಾರಾಜರು ಹಣದ ಸಹಾಯ ಮಾಡಿದರು. ಅದೇ ವರ್ಷ ಕಾಲೇಜಿನ ನೌಕರಿ ಬಿಟ್ಟು, ತಮ್ಮ ಉಳಿತಾಯ, ಶಾಹು ಮಹಾರಾಜರ ಸಹಾಯ ಮತ್ತು ಗೆಳೆಯ ನವಲ್ ಭಾತೇನಾ ಕೊಟ್ಟ 5000 ರೂಪಾಯಿ ಸಾಲ, ಇಷ್ಟನ್ನು ಕೂಡಿಸಿ ಲಂಡನ್ನಿಗೆ ಹೊರಟರು. ಕೈಯಲ್ಲಿದ್ದ 450 ರೂಪಾಯಿ ಸಂಬಳ ಬಿಟ್ಟು, ಸಾಲ ಮಾಡಿ ಓದಲು ಹೋಗುವ ಧೈರ್ಯ ಎಷ್ಟು ಜನಕ್ಕೆ ಬಂದೀತು?

ಲಂಡನ್ನಿನ ದಿನಚರಿ ಕೇಳಿದರೆ ನಮ್ಮ ಮಕ್ಕಳಿಗೆ ಬುದ್ಧಿ ಬಂದೀತು. ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಕೂತರೆ ಸಂಜೆ ಮುಚ್ಚುವ ತನಕ ಏಳುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ದುಡ್ಡಿಲ್ಲದ ದಿನಗಳೇ ಹೆಚ್ಚು. ಬಾಡಿಗೆ ಮನೆಯಲ್ಲಿ ಸಿಗುತ್ತಿದ್ದ ಊಟ ಹೊಟ್ಟೆ ತುಂಬುವಷ್ಟಲ್ಲ. ರಾತ್ರಿ ಹತ್ತರ ಮೇಲೆ ಹಸಿವೆ ತಡೆಯದಾದಾಗ ಊರಿನಿಂದ ಬಂದ ಹಪ್ಪಳ ಕಾಯಿಸಿ ತಿಂದು ಮತ್ತೆ ಓದಲು ಕೂರುತ್ತಿದ್ದರು. ಹಪ್ಪಳ ತಿಂದು ಓದಿದ್ದು ಮಾತ್ರ ರೂಪಾಯಿಯ ಶಾಸ್ತ್ರ.

1921ರಲ್ಲಿ ಎಂ.ಎಸ್ಸಿ. ಆಯಿತು. 1922ರ ಮೇ ತಿಂಗಳಲ್ಲಿ ಶಾಹು ಮಹಾರಾಜರು ತೀರಿಕೊಂಡರು. ಆ ದುಃಖದ ಮರು ತಿಂಗಳೇ, 1922ರ ಜೂನ್ 28ರಂದು, ಗ್ರೇಸ್ ಇನ್ನಿನವರು ಇವರನ್ನು ಬ್ಯಾರಿಸ್ಟರ್ ಅಂತ ಕರೆದರು. ಆಮೇಲೆ ರೂಪಾಯಿಯ ಸಮಸ್ಯೆ ಎಂಬ ಪ್ರಬಂಧವನ್ನು ಡಿ.ಎಸ್ಸಿ. ಪದವಿಗೆ ಕೊಟ್ಟರು. ಪರೀಕ್ಷಕರಿಗೆ ಅದರಲ್ಲಿನ ಕಟುವಾದ ಮಾತು ಹಿಡಿಸಲಿಲ್ಲ, ತಿದ್ದಿ ಬರೆಯಿರಿ ಅಂದರು. ಕೈಯಲ್ಲಿ ದುಡ್ಡು ಮುಗಿದಿತ್ತು. 1923ರ ಏಪ್ರಿಲಿನಲ್ಲಿ ಮುಂಬಯಿಗೆ ಬಂದು ಇಲ್ಲಿಂದಲೇ ತಿದ್ದಿ ಕಳಿಸಿದರು. ಆ ವರ್ಷದ ಕೊನೆಗೆ ಪದವಿ ಬಂತು. ಪ್ರಬಂಧ ಪುಸ್ತಕವೂ ಆಯಿತು. 1925ರಲ್ಲಿ ಹಿಲ್ಟನ್ ಯಂಗ್ ಅವರ ನಾಣ್ಯ ಆಯೋಗದ ಮುಂದೆ ಇವರು ಸಾಕ್ಷ್ಯ ಹೇಳಿದರು. ದೇಶಕ್ಕೆ ಒಂದು ಕೇಂದ್ರ ಬ್ಯಾಂಕು ಬೇಕು ಅಂತ ಶಿಫಾರಸು ಮಾಡಿದ್ದು ಇದೇ ಆಯೋಗ. 1935ರಲ್ಲಿ ರಿಸರ್ವ್ ಬ್ಯಾಂಕು ಆರಂಭವಾಯಿತು.

ಕೇಸಿಲ್ಲದ ಬ್ಯಾರಿಸ್ಟರ್

ಇಷ್ಟೆಲ್ಲ ಪದವಿ ತಂದ ಮೇಲೆ ಮನೆ ಮುಂದೆ ಕಕ್ಷಿದಾರರ ಸಾಲು ನಿಂತಿರಬೇಕು ಅಂತ ನಾವು ತಿಳಿಯುತ್ತೇವೆ. ಹಾಗೆ ಆಗಲಿಲ್ಲ. ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಮಾಡಲು ಸನದು ತೆಗೆಯಬೇಕು, ಅದಕ್ಕೆ ಫೀ ತುಂಬಬೇಕು. ಆ ದುಡ್ಡೂ ಇರಲಿಲ್ಲ. ಅದಕ್ಕೂ ನವಲ್ ಭಾತೇನಾ ಅವರೇ ಕೈ ಹಿಡಿದರು. ಜಮೀನು ಅಡವಿಲ್ಲ, ಜಾಮೀನುದಾರರಿಲ್ಲ, ಮನುಷ್ಯನ ಮೇಲಿನ ನಂಬಿಕೆಯ ಮೇಲೆ ಕೊಟ್ಟ ಸಾಲ ಅದು. 1923ರ ಜುಲೈಯಲ್ಲಿ ವಕೀಲಿ ಆರಂಭವಾಯಿತು.

ಆಗಿನ ಪದ್ಧತಿ ಹೀಗಿತ್ತು. ಹೈಕೋರ್ಟಿನ ಮೂಲ ವಿಭಾಗದಲ್ಲಿ ದೊಡ್ಡ ವ್ಯಾಪಾರಿಗಳ ದೊಡ್ಡ ಕೇಸುಗಳು. ಅಲ್ಲಿ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರನ ಹತ್ತಿರ ಬರುವಂತಿಲ್ಲ. ಸಾಲಿಸಿಟರ್ ಅನ್ನುವವರು ಕಾಗದಪತ್ರ ತಯಾರು ಮಾಡಿ, ತಮಗೆ ಬೇಕಾದ ಬ್ಯಾರಿಸ್ಟರಿಗೆ ಕೇಸು ಒಪ್ಪಿಸಬೇಕು. ಮುಟ್ಟಿಸಿಕೊಳ್ಳದ ಜಾತಿಯ ಬ್ಯಾರಿಸ್ಟರಿಗೆ ಯಾವ ಸಾಲಿಸಿಟರ್ ಕೇಸು ಕೊಟ್ಟಾನು? ಹೀಗಾಗಿ ಅಪೀಲು ವಿಭಾಗದ ಸಣ್ಣಪುಟ್ಟ ಕೆಲಸ ಮತ್ತು ಹೊರಗಿನ ಜಿಲ್ಲಾ ಕೋರ್ಟುಗಳ ಕೇಸುಗಳೇ ಗತಿಯಾದವು. ಬಡವರು, ಕೂಲಿಯವರು ಬರುತ್ತಿದ್ದರು. ಅವರ ಕೇಸನ್ನು ಕಡಿಮೆ ಫೀಗೆ, ಒಮ್ಮೊಮ್ಮೆ ಫೀ ಇಲ್ಲದೆಯೂ ನಡೆಸಿಕೊಟ್ಟರು. ಸಂಸಾರಕ್ಕೆ ಸಾಲದೆ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಲೆಕ್ಕಪತ್ರದ ತರಬೇತಿ ಸಂಸ್ಥೆಯಲ್ಲಿ ವ್ಯಾಪಾರ ಕಾನೂನಿನ ಪಾಠ ಹೇಳಿದರು.

ಹೆಸರು ಬಂದದ್ದು 1926ರಲ್ಲಿ. ಪುಣೆಯ ಬ್ರಾಹ್ಮಣೇತರ ಮುಖಂಡರಾದ ಕೇಶವರಾವ್ ಜೇಧೆ, ದಿನಕರರಾವ್ ಜವಳಕರ ಮುಂತಾದವರ ಮೇಲೆ ಒಂದು ಪುಸ್ತಕದ ಸಂಬಂಧ ಮಾನಹಾನಿ ಖಟ್ಲೆ ಆಗಿತ್ತು. ಅವರ ಪರವಾಗಿ ಅಂಬೇಡ್ಕರ್ ವಾದ ಮಾಡಿ ಗೆದ್ದರು. ಅದೇ ವರ್ಷ ಜುಲೈಯಲ್ಲಿ ಮಗ ರಾಜರತ್ನ ತೀರಿಹೋಗಿದ್ದ. ಎದೆಯಲ್ಲಿ ಅಷ್ಟು ದುಃಖ ಇಟ್ಟುಕೊಂಡೇ ಕೋರ್ಟು ಕೆಲಸ ನಡೆಸಿದರು. ಆಮೇಲೆ ಸರಕಾರಿ ಲಾ ಕಾಲೇಜಿನಲ್ಲಿ 1928ರಲ್ಲಿ ಪ್ರೊಫೆಸರ್, 1935ರಲ್ಲಿ ಪ್ರಿನ್ಸಿಪಾಲ್ ಆದರು.

ನಮ್ಮ ನಾಡಿನ ನಂಟು

ಆಗ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತದಲ್ಲೇ ಇದ್ದವು. 1924ರ ಜುಲೈ 20ರಂದು ಅಂಬೇಡ್ಕರ್ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. ಓದು, ವಾಚನಾಲಯ, ವಿದ್ಯಾರ್ಥಿನಿಲಯ ಇವೇ ಅದರ ಕೆಲಸ. 1925ರಲ್ಲಿ ಸೋಲಾಪುರದಲ್ಲಿ ಒಂದು ವಿದ್ಯಾರ್ಥಿನಿಲಯ ಆಯಿತು, ಮುಂದೆ ಧಾರವಾಡದಲ್ಲೂ ಆಯಿತು. ಅದೇ 1925ರಲ್ಲಿ ನಮ್ಮ ನಿಪ್ಪಾಣಿಯಲ್ಲಿ ಬಹಿಷ್ಕೃತ ವರ್ಗದವರ ಪ್ರಾಂತೀಯ ಪರಿಷತ್ತು ನಡೆದಾಗ ಅವರೇ ಅಧ್ಯಕ್ಷರು. ನಿಪ್ಪಾಣಿ ಅಂದರೆ ನಮಗೆ ತಂಬಾಕಿನ ಪೇಟೆ ಅಂತಷ್ಟೇ ಗೊತ್ತಿತ್ತು. ಕೇಸಿಲ್ಲದ ಆ ಎರಡು ವರ್ಷದ ಹೊಸ ಬ್ಯಾರಿಸ್ಟರ್ ಅಲ್ಲಿಗೆ ಬಂದು ಹೋಗಿದ್ದರು ಅನ್ನುವುದು ತಿಳಿದ ಮೇಲೆ, ಮಾಲು ಮಾರಲು ಹೋದಾಗ ಆ ಊರನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ.

ಮಹಾಡದ ಕೆರೆ ಮತ್ತು ಕೋರ್ಟು

ಅವರ ಕಾನೂನಿನ ಓದು ಎಂಥದ್ದು ಅಂತ ತೋರಿಸಿದ್ದು ಮಹಾಡದ ಚವದಾರ ಕೆರೆ. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಠರಾವು ಕಾಗದದ ಮೇಲೆ ಉಳಿದಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಊರಿನವರು ಬಂದು ಹೊಡೆದರು, ಕೆರೆಯನ್ನು ಶುದ್ಧಿಯನ್ನೂ ಮಾಡಿದರು. ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹ ಅಂತ ಗೊತ್ತಾಯಿತು. ಅಷ್ಟರಲ್ಲಿ ಎದುರಿನವರು ಕೆರೆ ಖಾಸಗಿ ಅಂತ ದಾವೆ ಹಾಕಿ ಕೋರ್ಟಿನಿಂದ ತಾತ್ಕಾಲಿಕ ತಡೆ ತಂದರು.

ಡಿಸೆಂಬರ್ 25ಕ್ಕೆ ಸಾವಿರಾರು ಜನ ಸೇರಿದ್ದರು, ಹೋಗೋಣ ಅಂತ ಹುರುಪಿನಿಂದ ಇದ್ದರು. ಅಂಬೇಡ್ಕರ್ ಅವರನ್ನು ತಡೆದರು. ಆ ದಿನ ಮನುಸ್ಮೃತಿಯನ್ನು ಸುಟ್ಟರು, ಆದರೆ ಕೋರ್ಟಿನ ತಡೆ ಮೀರಿ ಕೆರೆಗೆ ಇಳಿಯಲಿಲ್ಲ. ಕೋರ್ಟಿನ ಹಾದಿಯಲ್ಲೇ ಗೆಲ್ಲೋಣ ಅಂತ ನಿರ್ಧಾರ ಆಯಿತು. ಆ ದಾವೆ ಕೆಳಗಿನ ಕೋರ್ಟಿನಿಂದ ಹೈಕೋರ್ಟಿನವರೆಗೆ ಹೋಗಿ, 1937ರ ಮಾರ್ಚ್ 17ರಂದು ಇವರ ಪರವಾಗಿ ತೀರ್ಪು ಬಂತು. ಒಂದು ಗುಟುಕು ನೀರಿಗಾಗಿ ಸುಮಾರು ಹತ್ತು ವರ್ಷ. ನಮ್ಮಲ್ಲಿ ಬದುವಿನ ವ್ಯಾಜ್ಯಕ್ಕೆ ಕೋರ್ಟು ಹತ್ತಿ, ಎರಡೇ ವರ್ಷದಲ್ಲಿ ಬೇಸರವಾಗಿ ಕೊಡಲಿ ಹಿಡಿಯುವವರು ಇದನ್ನು ತಿಳಿದುಕೊಳ್ಳಬೇಕು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. 1947ರಲ್ಲಿ ದೇಶದ ಮೊದಲ ಕಾನೂನು ಮಂತ್ರಿ, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷ. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರ ಆಯಿತು. ಅಸ್ಪೃಶ್ಯತೆ ಅಪರಾಧ ಅಂತ ಅದರ 17ನೇ ಕಲಮಿನಲ್ಲಿ ಇದೆ. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡರು. 1990ರಲ್ಲಿ ಭಾರತರತ್ನ ಬಂತು.

ನಮ್ಮದೊಂದು ಮಾತು

ಇದನ್ನೆಲ್ಲ ಬರೆದ ಕಾರಣ ಈಗ ಹೇಳುತ್ತೇವೆ. ನಮ್ಮ ಸೊಸೈಟಿಯ ಮೊದಲ ವಾರ್ಷಿಕ ಸಭೆ ನಡೆದಾಗ ನಾವು ಇಪ್ಪತ್ತರ ಆಸುಪಾಸಿನ ಹುಡುಗರು. ಸಭೆ ಮುಗಿದ ಮೇಲೆ ಚಹಾ ಹಂಚುವ ಕೆಲಸ ನಮ್ಮ ಪಾಲಿಗೆ ಬಂತು. ಒಳಗೆ ಕೂತವರಿಗೆ ಸ್ಟೀಲಿನ ಲೋಟ. ಕೇರಿಯಿಂದ ಬಂದ ಕೆಲವು ಸದಸ್ಯರು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೆ ಬೇರೆ ಕಪ್ಪು ತೆಗೆದಿಟ್ಟಿದ್ದರು. ಅದರಲ್ಲಿ ಮೇಲಿನಿಂದ ಚಹಾ ಹೊಯ್ದು ಕೊಟ್ಟವರು ನಾವೇ. ಯಾರೂ ಹೀಗೆ ಮಾಡು ಅಂತ ಹೇಳಿರಲಿಲ್ಲ, ನಮಗೆ ಗೊತ್ತೇ ಇತ್ತು. ಅವರೂ ನಮ್ಮಷ್ಟೇ ಶೇರು ಹಣ ತುಂಬಿದವರು. ಒಂದು ಶೇರಿಗೂ ಇನ್ನೊಂದು ಶೇರಿಗೂ ವ್ಯತ್ಯಾಸ ಇಲ್ಲ ಅಂತ ಸಂಘದ ಪೋಟನಿಯಮದಲ್ಲೇ ಇದೆ. ಆಮೇಲೆ ವಾಚನಾಲಯದಲ್ಲಿ ಸಿಡನ್‌ಹ್ಯಾಮ್ ಕಾಲೇಜಿನ ಹೂಜಿಯ ಸಂಗತಿ ಓದಿದ ದಿನ ಆ ಕಪ್ಪುಗಳು ನಮ್ಮ ಕಣ್ಣ ಮುಂದೆ ಬಂದವು. ನಾವು ಆ ಪ್ರೊಫೆಸರುಗಳನ್ನು ಬಯ್ಯಲು ಬಾಯಿ ತೆರೆದವರು ಸುಮ್ಮನಾದೆವು.

ಈಗ ಆ ಕಪ್ಪುಗಳಿಲ್ಲ. ಎಲ್ಲರಿಗೂ ಒಂದೇ ಲೋಟ. ಆಡಳಿತ ಮಂಡಳಿಯಲ್ಲಿ ಆ ಕೇರಿಯ ಹಿರಿಯರೊಬ್ಬರು ನಮ್ಮ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಸಾಲ ವಸೂಲಿಯಲ್ಲಿ ಆ ಕೇರಿಯ ಬಾಕಿ ಎಲ್ಲರಿಗಿಂತ ಕಡಿಮೆ ಅನ್ನುವುದನ್ನು ಲೆಕ್ಕ ನೋಡಿದವರು ಬಲ್ಲರು. ಆದರೂ ವಾರ್ಷಿಕ ಸಭೆಯಲ್ಲಿ ಕೆಲವು ಹಿರಿಯರು ಇಂದಿಗೂ ಹೊರಗಿನ ಕಟ್ಟೆಯ ಮೇಲೆಯೇ ಕೂರುತ್ತಾರೆ. ಒಳಗೆ ಬರ್ರಿ ಅಂದರೆ ಇಲ್ಲೇ ಗಾಳಿ ಚೆನ್ನಾಗಿದೆ ಅಂತಾರೆ. ಅದು ಗಾಳಿಯ ಮಾತಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ಈ ಸಂಚಿಕೆ ಬಿಡುಗಡೆ ಆಗುವ ದಿನ ಬೆಳ್ಳಿ ಹಬ್ಬದ ಊಟ ಇದೆ. ಎಲ್ಲ ಸದಸ್ಯರು ಒಂದೇ ಪಂಕ್ತಿಯಲ್ಲಿ ಕೂರಬೇಕು ಅಂತ ನಾವು ಮಂಡಳಿಯಲ್ಲಿ ವಿಷಯ ಇಟ್ಟೆವು. ಠರಾವು ಪಾಸಾಗಿದೆ. ಒಬ್ಬಿಬ್ಬರು ಹೊರಗೆ ಹೋಗಿ ಗೊಣಗಿದ್ದೂ ನಮ್ಮ ಕಿವಿಗೆ ಬಿದ್ದಿದೆ. ಮಹಾಡದ ಪುರಸಭೆಯೂ ಠರಾವು ಮಾಡಿತ್ತು, ಆದರೆ ನೀರು ಕುಡಿಯುವವರೆಗೆ ಅದು ಬರೇ ಕಾಗದವಾಗಿತ್ತು. ನಮ್ಮ ಠರಾವಿಗೆ ಆ ಗತಿ ಬರಬಾರದು. ಆ ದಿನ ಕಟ್ಟೆಯ ಮೇಲೆ ಕೂತ ಹಿರಿಯರನ್ನು ನಾವೇ ಹೋಗಿ ಕೈ ಹಿಡಿದು ಕರೆತರುತ್ತೇವೆ, ಅವರ ಪಕ್ಕದ ಎಲೆಗೇ ಕೂರುತ್ತೇವೆ. ಸದಸ್ಯ ಬಾಂಧವರೂ ತಾಯಂದಿರೂ ಹಾಗೆಯೇ ಮಾಡಬೇಕೆಂದು ಕೈ ಮುಗಿದು ಬಿನ್ನಹ.

ನಮ್ಮ ಸಂಘ ಬಂಗಾರದ ಹಬ್ಬ ಆಚರಿಸಲಿ, ನಮ್ಮ ಮಕ್ಕಳು ಹಪ್ಪಳ ತಿಂದಾದರೂ ಓದಲಿ ಎಂದು ಹಾರೈಸುತ್ತ ಲೇಖನ ಮುಗಿಸುತ್ತೇವೆ. ಜೈ ಸಹಕಾರ.